ಇಪ್ಪತ್ತೊಂಬತ್ತು ಡಿಗ್ರಿ ಮತ್ತು ಅವ್ವನ ಕೊಡ

ಮೊನ್ನೆ ಟ್ಯೂಬ್‌ಲೈಟು ಬಿಚ್ಚಲೆಂದು ಸ್ಕ್ರೂಡ್ರೈವರಿನ ಡಬ್ಬಿಯನ್ನು ನೆಲದ ಮೇಲೆ ಸುರುವಿದೆ. ತುಕ್ಕು ಹಿಡಿದ ಮೊಳೆ, ತುಂಡು ವೈರು, ಯಾವ ಕೀಲಿಯದೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಮೂರು ಕೀಲಿಕೈ, ಇವುಗಳ ನಡುವೆ ಒಂದು ಗಾಜಿನ ಥರ್ಮಾಮೀಟರು ಉರುಳಿ ಬಂತು. ಜ್ವರ ನೋಡುವುದಲ್ಲ, ಮೀನಿನ ತೊಟ್ಟಿಯದು. ಗಾಜಿಗೆ ಅಂಟಿಸಲು ಬೆನ್ನಿಗೊಂದು ರಬ್ಬರಿನ ಬಟ್ಟಲು. ಇಪ್ಪತ್ತೊಂಬತ್ತರ ಗೆರೆಯ ಮೇಲೆ ಮಗಳ ನೇಲ್ ಪಾಲಿಶ್ ಕದ್ದು ನಾನೇ ಇಟ್ಟ ಕೆಂಪು ಬೊಟ್ಟು. ಅದನ್ನು ಕಂಡದ್ದೇ ನನ್ನ ಎದೆ ಧಸಕ್ಕೆಂದಿತು. ಟ್ಯೂಬ್‌ಲೈಟು ಆ ದಿನ ಹಾಗೇ ಉಳಿಯಿತು.

ಎದೆ ಧಸಕ್ಕೆನ್ನುವಂಥದ್ದು ಅದರಲ್ಲಿ ಏನಿದೆ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ಮೊದಲು ನನ್ನ ರೋಗದ ವಿಷಯ ಹೇಳಬೇಕು. ನಾನು ಸಾಂಗ್ಲಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯದ ಸಹಾಯಕ, ಮನೆ ಮಿರಜದಲ್ಲಿ. ಉಷ್ಣತೆ ಅಳೆಯುವುದು ನನಗೆ ಕೆಲಸವಲ್ಲ, ಚಟ. ಸ್ನಾನದ ನೀರು, ಚಹಾ, ಮಧ್ಯಾಹ್ನದ ಗೋಡೆ, ಯಾವುದನ್ನೂ ಬಿಟ್ಟವನಲ್ಲ. "ಇವ್ರು ನೀರಿಗೂ ಜ್ವರಾ ನೋಡ್ತಾರ," ಎಂದು ನನ್ನ ಹೆಂಡತಿ ಬೀಗರ ಮುಂದೆ ಹೇಳಿ ನಗಿಸುತ್ತಾಳೆ.

ಈ ಚಟ ಹತ್ತಿದ್ದು ನಮ್ಮ ಹಳ್ಳಿ ಮಾಲಗಾಂವದಲ್ಲಿ, ನನಗೆ ಏಳೆಂಟು ವರ್ಷವಿದ್ದಾಗ. ಜ್ವರ ಬಂದು ಮಲಗಿದ್ದೆ. ಊರ ಡಾಕ್ಟರು ನನ್ನ ಬಾಯಲ್ಲಿ ಥರ್ಮಾಮೀಟರಿಟ್ಟು ಅಪ್ಪನ ಜೊತೆ ದ್ರಾಕ್ಷಿ ಬೆಲೆಯ ಮಾತಿಗೆ ಕೂತರು. ಬಾಯಲ್ಲಿದ್ದದ್ದನ್ನು ಕಡಿದರೆ ಏನಾಗುತ್ತದೆ ನೋಡೋಣ ಎನಿಸಿತು. ಕಡಿಯುವ ಧೈರ್ಯ ಬರಲಿಲ್ಲ, ತೆಗೆದು ಮಂಚದ ಕಾಲಿಗೆ ಬಡಿದೆ. ಬೆಳ್ಳಿಯ ಹನಿಗಳು ಮಂಚದ ಕೆಳಗೆ ಓಡಿದವು. ಜ್ವರ ಬಿಟ್ಟು ಅವುಗಳ ಹಿಂದೆ ಹರಿದಾಡಿದೆ. ಅಪ್ಪ ಹೊಡೆದ ಏಟು ಮರೆತಿದೆ, ಆ ಹನಿಗಳು ಮರೆತಿಲ್ಲ.

ಅಂಥ ನನ್ನ ಮನೆಗೆ ಎರಡೂವರೆ ವರ್ಷದ ಹಿಂದೆ ಮೀನು ಬಂದವು. ಮಗಳು ಪ್ರಾಚಿಯ ಗೆಳತಿಯೊಬ್ಬಳು ಓದು ಮುಗಿಸಿ ಮಿರಜ ಬಿಟ್ಟು ಹೋಗುವಾಗ ತನ್ನ ಕೋಣೆಯಲ್ಲಿದ್ದ ಗಾಜಿನ ತೊಟ್ಟಿಯನ್ನು ಇವಳ ಕೈಗೆ ಹಾಕಿ ಹೋದಳು. ಎರಡೂವರೆ ಕೊಡ ನೀರು ಹಿಡಿಯುವ ಸಣ್ಣ ತೊಟ್ಟಿ. ಅದರಲ್ಲಿ ಹೆಬ್ಬೆರಳಿನಷ್ಟುದ್ದದ, ತಳದ ಮರಳನ್ನು ಮೂಸುತ್ತ ತಿರುಗುವ ಆರು ಮೀಸೆ ಮೀನು. ಕೋರಿ ಅಂತ ಅವುಗಳ ಹೆಸರು. ಮುಖ ನೋಡಿದರೆ ಏನೋ ಕಳೆದುಕೊಂಡು ಹುಡುಕುತ್ತಿರುವ ಗುಮಾಸ್ತರ ಹಾಗೆ ಕಾಣುತ್ತಿದ್ದವು.

ಅವ್ವನಿಗೆ ಇದು ಸರಿಬರಲಿಲ್ಲ. ಅವ್ವನಿಗೆ ಎಪ್ಪತ್ತೆಂಟು. ನಾವು ಜೈನರು, ನಮ್ಮಲ್ಲಿ ಉಳಿದವರ ಜೈನತನ ಈರುಳ್ಳಿ ಬಿಡುವ ತನಕ, ಅದೂ ಚಾತುರ್ಮಾಸದಲ್ಲಿ ಮಾತ್ರ. ಅವ್ವನದು ಹಾಗಲ್ಲ. ತೊಟ್ಟಿಯನ್ನು ಕಂಡವಳೇ ಬೆರಳು ಮಡಚಿ ಎಣಿಸಿದಳು.

"ಕಟ್ಟಿ ಹಾಕೂದು, ಹೊಡಿಯೂದು, ಅಂಗಾ ಕೊಯ್ಯೂದು, ಹೆಚ್ಚಿಗಿ ಭಾರಾ ಹೊರಸೂದು, ಅನ್ನಾ ನೀರು ತಪ್ಪಸೂದು. ಐದೂ ಹಿಂಸಾನ. ಮೊದಲನೇದು ಯಾವದು? ಕಟ್ಟಿ ಹಾಕೂದು."

"ಅವ್ವಾ, ಇವು ಹುಟ್ಟಿದ್ದ ತೊಟ್ಟ್ಯಾಗ. ಹೊಳಿಗೆ ಬಿಟ್ರ ಸಾಯ್ತಾವ," ಎಂದೆ.

"ಹಂಗಾರ ಚಂದಾಗಿ ಜ್ವಾಪಾನ ಮಾಡು," ಎಂದು ಸುಮ್ಮನಾದಳು. ಪ್ರಾಚಿ ಎಂಟು ದಿನ ಜೋಪಾನ ಮಾಡಿದಳು, ಒಂಬತ್ತನೆಯ ದಿನ ಅವು ನನ್ನ ಮೀನಾದವು.

ಇಲ್ಲಿ ಅವ್ವನ ನೀರಿನ ಕತೆ ಹೇಳಲೇಬೇಕು. ಅವ್ವ ಸೋಸದ ನೀರು ಕುಡಿದವಳಲ್ಲ. ಎರಡು ಮಡಿಕೆಯ ದಪ್ಪ ಬಿಳಿ ಬಟ್ಟೆಯಲ್ಲಿ ಸೋಸಬೇಕು. ಅದಾದ ಮೇಲೆ ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಎಲ್ಲಿಯ ನೀರೋ ಅಲ್ಲಿಗೇ ಮುಟ್ಟಿಸಬೇಕು. ಸೋಸುವುದು ನಮಗಾಗಿ, ಮುಟ್ಟಿಸುವುದು ಅವುಗಳಿಗಾಗಿ; ಎರಡನೆಯದು ಮಾಡದೆ ಮೊದಲನೆಯದು ಮಾಡಿದರೆ ಅದು ವ್ರತವಲ್ಲ, ಬರೀ ಸ್ವಚ್ಛತೆ ಎನ್ನುತ್ತಾಳೆ. ಮಾಲಗಾಂವದಲ್ಲಿ ಇದಕ್ಕೆಂದೇ ತಳಕ್ಕೆ ಕೊಂಡಿಯಿರುವ ಸಣ್ಣ ಬಕೀಟು ಇತ್ತು. ನೀರಿನ ಮಟ್ಟಕ್ಕೆ ಇಳಿಸಿ, ಹಗ್ಗ ಜಗ್ಗಿದರೆ ಅಲ್ಲೇ ಮೆಲ್ಲಗೆ ಬೋರಲಾಗುತ್ತಿತ್ತು. ಮೇಲಿನಿಂದ ಸುರಿಯುವಂತಿಲ್ಲ. "ಅಷ್ಟ ಎತ್ತರದಿಂದ ನಿನ್ನ ಒಗದ್ರ ಹ್ಯಾಂಗಾಕ್ಕೈತಿ?" ಎಂದು ಕೇಳುತ್ತಿದ್ದಳು.

ಮಿರಜದ ಮೂರನೆಯ ಮಾಳಿಗೆಗೆ ಬಂದ ಮೇಲೆ ಫಜೀತಿಯಾಯಿತು. ನಳದ ನೀರು ಕೃಷ್ಣೆಯದು. ಹೊಳೆಗೆ ಮುಟ್ಟಿಸುವವರು ಯಾರು? ಕಟ್ಟಡಕ್ಕೆ ಲಿಫ್ಟಿಲ್ಲ, ಅವ್ವನ ಮೊಣಕಾಲು ಮೆಟ್ಟಿಲಿಳಿಯುವುದಿಲ್ಲ. ನಾನು ದಿನಾ ಸ್ಕೂಟರಿನಲ್ಲಿ ಸಾಂಗ್ಲಿಗೆ ಹೋಗುವವನು. "ನಿನ್ನ ದಾರ್ಯಾಗ ಹೊಳಿ ಐತಿ. ಇದನೊಂದ ಬಿಟ್ಟು ಬಾ," ಎಂದು ಬಾಟಲಿ ಕೊಡತೊಡಗಿದಳು.

ಮೊದಲ ತಿಂಗಳು ನಾನು ಪ್ರಾಮಾಣಿಕನಾಗಿದ್ದೆ. ಬೂಟು ಕೈಯಲ್ಲಿ ಹಿಡಿದು ಘಾಟಿನ ಮೆಟ್ಟಿಲಿಳಿದು, ಬಾಟಲಿಯನ್ನು ನೀರಲ್ಲೇ ಬೋರಲು ಮಾಡಿ, ಅಲ್ಲೇ ತೊಳೆದು ತರುತ್ತಿದ್ದೆ. ಆಮೇಲೆ ಒಂದು ದಿನ ತಡವಾಯಿತು. ಕಾಲೇಜಿನ ಸಿಂಕಿಗೆ ಸುರಿದೆ. ಸಿಂಕಿನ ನೀರೂ ಕೊನೆಗೆ ಹೊಳೆಗೇ ಸೇರುತ್ತದಲ್ಲ ಎಂಬ ವಿಜ್ಞಾನ ಆ ಕ್ಷಣಕ್ಕೆ ಹೊಳೆಯಿತು. ವಿಜ್ಞಾನ ಒಮ್ಮೆ ಹೊಳೆದರೆ ಬಿಡುವುದಿಲ್ಲ. ಮರುದಿನದಿಂದ ದಿನಾ ಸಿಂಕೇ. ಹೀಗೇ ಬಹಳ ಕಾಲ ನಡೆಯಿತು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವ್ವ, "ಇನ್ನ ಬ್ಯಾಡ. ನಾ ಬ್ಯಾರೆ ವ್ಯವಸ್ಥಾ ಮಾಡ್ಕೊಂಡೇನಿ," ಎಂದಳು. ಯಾವ ವ್ಯವಸ್ಥೆ ಎಂದು ಕೇಳಿದರೆ ಬಾಟಲಿ ಮತ್ತೆ ಕೈಗೆ ಬಂದೀತೆಂದು ಕೇಳಲಿಲ್ಲ.

ಈಗ ಇಪ್ಪತ್ತೊಂಬತ್ತಕ್ಕೆ ಬರುತ್ತೇನೆ. ನಮ್ಮ ಕಾಲೇಜಿನ ಗುಮಾಸ್ತರೊಬ್ಬರ ಮನೆಯಲ್ಲಿ ಗಪ್ಪಿ ಮೀನುಗಳಿದ್ದವು. ಹೀಟರು ಹಾಕಿ ನೀರು ಬೆಚ್ಚಗಿಟ್ಟದ್ದೇ ತಿಂಗಳಿಗೊಂದು ಸಲ ಮರಿ. ಅವರು ಆಫೀಸಿನಲ್ಲಿ ಮಗುವಿನ ನಾಮಕರಣದ ಪೇಢೆಯಂತೆ ಮರಿಗಳನ್ನು ಹಂಚುತ್ತಿದ್ದರು. ನನ್ನ ಆರು ಮೀಸೆಯವು ಒಂದೂವರೆ ವರ್ಷದಿಂದ ಮರಳು ಮೂಸುವುದೇ ಆಗಿತ್ತು. ನನಗೆ ಹಟ ಬಂತು. ಬಾಣಂತಿಗೆ ಬೆಚ್ಚಗಿರಬೇಕೆಂಬುದು ಯಾರಿಗೆ ಗೊತ್ತಿಲ್ಲ? ಮಾಧವನಗರದ ಸಲೀಮಭಾಯಿಯ ಅಂಗಡಿಯಿಂದ ಹೀಟರು ತಂದೆ, ಇಪ್ಪತ್ತೊಂಬತ್ತಕ್ಕೆ ತಿರುವಿದೆ, ಥರ್ಮಾಮೀಟರಿಗೆ ಕೆಂಪು ಬೊಟ್ಟಿಟ್ಟು ಕಾಯುತ್ತ ಕೂತೆ.

ಮೀನುಗಳು ಏದುಸಿರು ಬಿಟ್ಟವು, ಪ್ರೀತಿ ಮಾಡಲಿಲ್ಲ. ತಿಂಗಳುಗಟ್ಟಲೆ ಏನೂ ಇಲ್ಲ. ಮಳೆಗಾಲದ ನಡುವೆ ಇನ್ನೊಂದು ವಿಚಿತ್ರ ಶುರುವಾಯಿತು. ರಾತ್ರಿ ಇಪ್ಪತ್ತೊಂಬತ್ತಿದ್ದದ್ದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದು ನೋಡಿದರೆ ಇಪ್ಪತ್ತಾರು. ಹೀಟರು ಕೆಟ್ಟಿದೆಯೆಂದು ಬದಲಿಸಿದೆ. ಅದೂ ಇಪ್ಪತ್ತಾರು. ಥರ್ಮಾಮೀಟರಿನ ಮೇಲೆ ಅನುಮಾನ ಬಂದು ಕಾಲೇಜಿಗೆ ಒಯ್ದು ಪರೀಕ್ಷೆ ಮಾಡಿದೆ. ಅದು ಸರಿಯಾಗಿಯೇ ಇತ್ತು.

ಪರ್ಯುಷಣದ ಉಪವಾಸಗಳು ಮುಗಿದ ವಾರ, ಒಂದು ರವಿವಾರ ಬೆಳಿಗ್ಗೆ, ತೊಟ್ಟಿಯ ಗಾಜಿನ ಮೇಲೆ ಸಾಬುದಾನಿಯ ಸಣ್ಣ ಕಾಳಿನಂಥವು ಅಂಟಿದ್ದವು. ಮೂವತ್ತೋ ನಲವತ್ತೋ. ಒಂದು ಹೆಣ್ಣು ಮೀನು ಹೊಟ್ಟೆಯಡಿಯ ರೆಕ್ಕೆಯಲ್ಲಿ ಇನ್ನೆರಡನ್ನು ಹಿಡಿದುಕೊಂಡು ಬಂದು ನನ್ನ ಮೂಗಿನೆದುರೇ ಗಾಜಿಗೆ ಒತ್ತಿ ಹೋಯಿತು. ನಾನು ಕೂಗಿದ ಕೂಗಿಗೆ ಹೆಂಡತಿ ಲಟ್ಟಣಿಗೆ ಹಿಡಿದೇ ಓಡಿಬಂದಳು. ಯಾರೋ ಬಿದ್ದರೆಂದು ತಿಳಿದಿದ್ದಳು. "ತತ್ತಿ!" ಎಂದೆ. ನಮ್ಮ ಮನೆಯಲ್ಲಿ ಆ ಶಬ್ದವನ್ನು ಅಷ್ಟು ಜೋರಾಗಿ ಯಾರೂ ಹೇಳಿದವರಿಲ್ಲ.

ಸಾಧನೆಯನ್ನು ಬಲ್ಲವರಿಗೆ ತೋರಿಸದಿದ್ದರೆ ಏನು ಸುಖ? ಸಲೀಮಭಾಯಿಗೆ ಫೋನು ಮಾಡಿದೆ. ಹಳೆಯ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತು ತೊಟ್ಟಿಯಿಟ್ಟು ಮೀನು ಬೆಳೆಸುವ ಮನುಷ್ಯ, ಅರ್ಧ ತಾಸಿನಲ್ಲಿ ಬಂದರು. ಮೊಣಕಾಲೂರಿ ಗಾಜಿಗೆ ಮುಖ ಹಚ್ಚಿ ತತ್ತಿ ನೋಡಿದರು, ಥರ್ಮಾಮೀಟರು ನೋಡಿದರು.

"ಇಪ್ಪತ್ತಾರ ಐತಿ?"

"ಅದ ನೋಡ್ರಿ, ಮುಂಜಾನೆ ಇಳೀತೈತಿ. ನೀವು ಕೊಟ್ಟ ಹೀಟರ ಸರಿ ಇಲ್ಲ," ಎಂದೆ.

"ಹೀಟರ ಸರಿ ಐತ್ರಿ ಸರ. ನೀವ ಸರಿ ಇಲ್ಲ. ಇಪ್ಪತ್ತೊಂಬತ್ತಿನ್ಯಾಗ ಇವು ಜಲ್ಮದಾಗ ತತ್ತಿ ಇಡೂದಿಲ್ಲ. ಭಾಳ ಬಿಸಿ ಆತಂದ್ರ ಹೊಟ್ಟ್ಯಾಗಿನ ತತ್ತಿ ಹೊಟ್ಟ್ಯಾಗ ಕರಗತಾವ."

ನಾನು ಗಪ್ಪಿಯ ಮಾತೆತ್ತಿದೆ. ಸಲೀಮಭಾಯಿ ಕೈಬೀಸಿದರು. "ಗಪ್ಪಿ ಬ್ಯಾರೆ, ಇವು ಬ್ಯಾರೆ. ಗೋಲ್ಡ್‌ಫಿಶ್‌ಗೆ ಮೊದಲ ಥಂಡಿ ಬಡೀಬೇಕು, ಆಮ್ಯಾಲ ನೀರು ಸಾವಕಾಶ ಬೆಚ್ಚಗಾಗಬೇಕು, ಆವಾಗ ತತ್ತಿ. ಕೆಲವು ಮೀನಿನ್ಯಾಗ ಹುಟ್ಟೂ ಮರಿ ಗಂಡೋ ಹೆಣ್ಣೋ ಅಂತ ಸೈತ ನೀರಿನ ಬಿಸಿನ ಹೇಳ್ತೈತಿ. ಈ ಕೋರಿಗೆ ಮಳಿ ಬಂದಂಗ ಆಗಬೇಕ್ರಿ. ಬೆಚ್ಚನ್ನ ನೀರಿನ್ಯಾಗ ಇದ್ದಾಗ ಒಮ್ಮಿಗೇ ತಣ್ಣೀರು ಬೀಳಬೇಕು. ಎರಡ ವರ್ಸ ಆತು, ನನ್ನ ಕೈಲೇ ಒಂದ ತತ್ತಿ ಇಡಿಸಾಕ ಆಗಿಲ್ಲ. ಖರೇ ಹೇಳ್ರಿ, ದಿನಾ ತಣ್ಣೀರು ಯಾರು ಹಾಕ್ತಾರು?"

"ಯಾರೂ ಇಲ್ಲ," ಎಂದೆ.

"ನಾ ಹಾಕ್ತೀನಿ," ಎಂದಳು ಬಾಗಿಲಲ್ಲಿ ನಿಂತಿದ್ದ ಅವ್ವ.

ನಾನು ದಂಗಾದೆ. ಅವ್ವ ಯಾವ ಅಳುಕೂ ಇಲ್ಲದೆ ಹೇಳಿದಳು. ನಾನು ಸ್ನಾನಕ್ಕೆ ಹೋದಾಗ ತಂಬಿಗೆ ತಂಬಿಗೆಯಾಗಿ ಒಂದು ಕೊಡ ನೀರು. ಮೊದಲು ತೊಟ್ಟಿಯಿಂದ ಅಷ್ಟೇ ನೀರು ತೆಗೆದು ಮಲ್ಲಿಗೆ ಕುಂಡಕ್ಕೆ ಹಾಕುತ್ತಿದ್ದಳು, ಆದ್ದರಿಂದ ಮಟ್ಟ ಏರಿದ್ದು ನನಗೆ ಕಾಣಲಿಲ್ಲ. ಬಾಲ್ಕನಿಯಲ್ಲಿ ರಾತ್ರಿಯೆಲ್ಲ ಇಟ್ಟ ಮಣ್ಣಿನ ಕೊಡದ ತಣ್ಣನೆ ನೀರಿನಲ್ಲಿ ಸೋಸಿದ ಬಟ್ಟೆ ತೊಳೆದು, ಜೀವಗಳನ್ನು ತೊಟ್ಟಿಯ ನೀರಿಗೆ ಮುಟ್ಟಿಸುತ್ತಿದ್ದಳು.

"ತೊಟ್ಟ್ಯಾಗ ಯಾಕ ಅವ್ವಾ? ನಾ ಹೊಳಿಗೆ ಒಯ್ತಿದ್ನೆಲ್ಲಾ?"

"ನೀ ಒಯ್ತಿದ್ದೇನು?" ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ಮಳಿಗಾಲದಾಗ ಹೊಳಿ ಕೆಂಪಗ ಹರೀತೈತಿ. ನಿನ್ನ ಬಾಟ್ಲಿ ದಿನಾ ಬೆಳ್ಳಗ ಬರತಿತ್ತು. ಎಲ್ಲಿ ಸುರೀತಿದ್ದಿ ಅಂತ ನಾ ಕೇಳಲಿಲ್ಲ. ಈ ಮನ್ಯಾಗ ನಿಂತ ನೀರಂದ್ರ ಇದೊಂದ. ಅದಕ್ಕ ಇಲ್ಲಿ ಬಿಟ್ನಿ."

ಪ್ರಯೋಗಾಲಯದ ಸಹಾಯಕನಾದ ನಾನು ಹೀಟರುಗಳನ್ನೂ ಥರ್ಮಾಮೀಟರುಗಳನ್ನೂ ಪರೀಕ್ಷಿಸುತ್ತಿದ್ದೆ. ಅವ್ವ ಒಂದು ಬಾಟಲಿಯ ಗಾಜು ನೋಡಿ ನನ್ನನ್ನು ಪರೀಕ್ಷಿಸಿ ಮುಗಿಸಿದ್ದಳು. ಅಷ್ಟರಲ್ಲಿ ಇದ್ಯಾವುದೂ ಅರಿಯದ ಸಲೀಮಭಾಯಿ ಕುಣಿಯುವುದೊಂದು ಬಾಕಿ.

"ವಾರೆವ್ಹಾ ಆಯಿ! ತಣ್ಣೀರೂ ಆತು, ಜೀವಂತ ಖುರಾಕೂ ಆತು! ಬಟ್ಟ್ಯಾಗ ಉಳದ ಸಣ್ಣ ಹುಳಾ ಇರತಾವಲ್ರಿ, ಅವ ಮೀನಿಗೆ ಭಾಳ ಪೌಷ್ಟಿಕ. ಅದನ್ನ ತಿಂದ ತತ್ತಿ ಕಟ್ಟ್ಯಾವ ನೋಡ್ರಿ!"

ನಾನು ಕಣ್ಸನ್ನೆ ಮಾಡಿದೆ, ಕಾಲು ತುಳಿದೆ. ತಡವಾಗಿತ್ತು.

"ತಿಂದುವೂ?" ಎಂದಳು ಅವ್ವ.

ಅದೇ ಗಳಿಗೆಗೆ ಒಂದು ಮೀನು ಮೇಲೇರಿ, ಗಾಜಿಗೆ ಅಂಟಿದ್ದ ತತ್ತಿಯೊಂದನ್ನು ಕಿತ್ತು ನುಂಗಿತು. ತಾನೇ ಇಟ್ಟ ತತ್ತಿ. ಸಲೀಮಭಾಯಿ ಸಹಜವಾಗಿ, "ಬೇಗ ತೆಗೀಬೇಕ್ರಿ, ಇಲ್ಲಾಂದ್ರ ಎಲ್ಲಾ ತಿಂತಾವ," ಎಂದರು. ಅವ್ವ ಗೋಡೆ ಹಿಡಿದು ಅಲ್ಲೇ ನೆಲಕ್ಕೆ ಕೂತಳು. ಅವಳ ಮುಖ ಹಾಗಾದದ್ದನ್ನು ಅಪ್ಪ ತೀರಿಕೊಂಡ ದಿನವೂ ನಾನು ಕಂಡಿರಲಿಲ್ಲ. ಅರ್ಧ ಮಳೆಗಾಲ, ಅದೂ ಚಾತುರ್ಮಾಸದಲ್ಲಿ, ದಿನಾ ಉಳಿಸುತ್ತೇನೆಂದು ತಿಳಿದು ತನ್ನ ಕೈಯಾರೆ ಆ ಜೀವಗಳನ್ನು ಮೀನಿನ ಬಾಯಿಗೆ ಬಡಿಸಿದ್ದಳು.

ಅವ್ವ ಅಳಲಿಲ್ಲ, ನೀರು ಕುಡಿಯುವುದನ್ನೇ ಬಿಟ್ಟಳು. ಅನ್ನ ಬಿಟ್ಟಿದ್ದರೆ ನನಗಷ್ಟು ಹೆದರಿಕೆಯಾಗುತ್ತಿರಲಿಲ್ಲ, ಉಪವಾಸ ಅವಳಿಗೆ ಹೊಸದಲ್ಲ. ಬಿ.ಪಿ. ಗುಳಿಗೆ ನುಂಗಲೂ ನೀರು ಬೇಡವೆಂದಳು.

"ಎಷ್ಟ ದಿನಾ ಅವ್ವಾ?" ಎಂದೆ.

"ನೀರು ಸೋಸಿದ್ರ ಉಳದ ಜೀವಾ ಎಲ್ಲಿ ಬಿಡ್ಲಿ? ಜಾಗಾ ತೋರಸು. ಸೋಸ್ತೀನಿ, ಕುಡೀತೀನಿ."

"ನಾ ಹೊಳಿಗೆ ಒಯ್ತೀನಿ. ಆಣಿ ಮಾಡ್ತೀನಿ."

ಅವ್ವ ಸೋಸುವ ಬಟ್ಟೆಯನ್ನು ಮಡಚಿ ಬದಿಗಿಟ್ಟಳು. ಬೈದಿದ್ದರೆ ಬೈಸಿಕೊಂಡೆ ಎಂಬ ಸಮಾಧಾನವಾದರೂ ಇರುತ್ತಿತ್ತು.

ಪ್ರಾಚಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು, "ಆಜಿ, ಪಾಣೀ ಪೀ ನಾ ಗ," ಎಂದು ನೀರು ಕುಡಿಯಲು ಮರಾಠಿಯಲ್ಲಿ ಗೋಗರೆದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಅವ್ವ ಅವಳ ತಲೆ ಸವರಿ ಕನ್ನಡದಲ್ಲೇ ಬೇಡವೆಂದಳು. ಹೊತ್ತು ಮುಳುಗಿತು, ಹೊತ್ತು ಮುಳುಗಿದ ಮೇಲೆ ಅವಳು ಹೇಗೂ ಕುಡಿಯುವವಳಲ್ಲ. ಸೋಮವಾರ ಬೆಳಿಗ್ಗೆ ಅವಳ ತುಟಿ ಬಿಳುಚಿ ಸುಲಿದಿತ್ತು, ಮಾತು ನಾಲಿಗೆಗೆ ಅಂಟುತ್ತಿತ್ತು. ಡಾಕ್ಟರು ಫೋನಿನಲ್ಲಿ, ಮಧ್ಯಾಹ್ನದೊಳಗೆ ನೀರು ಹೋಗದಿದ್ದರೆ ಸಲಾಯಿನ್ ಹಚ್ಚಬೇಕಾಗುತ್ತದೆ, ಕರೆತನ್ನಿ ಎಂದರು.

ಕರೆತರುವುದು ಎಂಬ ಶಬ್ದ ಕಿವಿಗೆ ಬಿದ್ದಾಗ ನನ್ನ ಮಂದ ತಲೆಗೆ ಬೆಳಕು ಬಿತ್ತು. ಆಸ್ಪತ್ರೆಗೆ ಇಳಿಸಬಹುದಾದ ಅವ್ವನನ್ನು ಹೊಳೆಗೆ ಯಾಕೆ ಇಳಿಸಬಾರದು? ಇಷ್ಟು ವರ್ಷ ಬಾಟಲಿಯನ್ನು ಒಯ್ಯುವ ಸುಳ್ಳು ಹೇಳಿದೆನೇ ಹೊರತು, ಅವ್ವನನ್ನೇ ಒಯ್ಯಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಸಲೀಮಭಾಯಿ ಮೀನು, ತತ್ತಿ, ತೊಟ್ಟಿ ಎಲ್ಲ ಒಯ್ಯಲು ಟೆಂಪೊ ತಂದಿದ್ದರು. ವಿಷಯ ತಿಳಿದು ಕಿವಿ ಹಿಡಿದುಕೊಂಡರು. "ನನ್ನ ಬಾಯಿಂದ ಆಗಿದ್ದು ಸರ, ನಾ ಹಿಡೀತೀನಿ ನಡೀರಿ," ಎಂದು ಪ್ಲಾಸ್ಟಿಕ್ ಕುರ್ಚಿಯ ಮುಂದಿನ ಎರಡು ಕಾಲು ಹಿಡಿದರು. ಹಿಂದಿನದು ನಾನು. ಮೂರು ಮಾಳಿಗೆ ಇಳಿಯುವಷ್ಟರಲ್ಲಿ ಬಾಗಿಲು ಬಾಗಿಲಲ್ಲಿ ಮಂದಿ. ಕುರ್ಚಿಯ ಮೇಲೆ ಅವ್ವ, ತೊಡೆಯ ಮೇಲೆ ಖಾಲಿ ಕೊಡ, ತಂಬಿಗೆ, ಬಿಳಿ ಬಟ್ಟೆ. "ವಾಲ್ಯಾಡಸ್‌ಬ್ಯಾಡ್ರೋ," ಎಂದಳು. ಆ ದಿನ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಟೆಂಪೊದಲ್ಲಿ ಹೋದಾಗ ಮಿರಜದ ಕೃಷ್ಣಾಘಾಟಿನಲ್ಲಿ ಹೊಳೆ ಇಳಿದಿತ್ತು. ನಡುವಿನ ನೀರು ಇನ್ನೂ ಕೆಂಪು, ಮೆಟ್ಟಿಲ ಅಂಚಿನದು ತಿಳಿ. ಕೊನೆಯ ಮೆಟ್ಟಿಲಿಗೆ ಅವ್ವನನ್ನು ಇಳಿಸಿದೆವು. ಅವಳು ಕಾಲು ನೀರಿಗಿಟ್ಟು, ತಂಬಿಗೆಯಲ್ಲಿ ಮೊಗೆದು, ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸಿದಳು. ಬಟ್ಟೆ ಬಿಚ್ಚಿ, ಸೋಸಿದ ನೀರಿನಿಂದ ಅದನ್ನು ತಂಬಿಗೆಯೊಳಗೇ ತೊಳೆದು, ತಂಬಿಗೆಯನ್ನು ಹೊಳೆಯ ಮಟ್ಟಕ್ಕೆ ತಂದು ಮೆಲ್ಲಗೆ ಬೋರಲು ಮಾಡಿದಳು.

ಆಗ ನನಗೆ ಕಂಡಿತು. ಮಂಡಕ್ಕಿ ಎರಚುವವರ ರೂಢಿಯಿದ್ದ ಹೊಳೆಯ ಮೀನುಗಳು ನೂರಾರು, ಕೈ ಕಂಡ ಕೂಡಲೇ ಮೆಟ್ಟಿಲಿಗೆ ನುಗ್ಗಿ ಬಂದವು. ತಂಬಿಗೆಯ ಬಾಯಿಗೇ ಅವುಗಳ ಬಾಯಿ. ಹೊಳೆಯಲ್ಲಿ ಮೀನಿರುತ್ತವೆ ಎಂಬುದನ್ನು ಮರೆತು ಈ ಮುದುಕಿಯನ್ನು ಮೂರು ಮಾಳಿಗೆ ಇಳಿಸಿ ತಂದಿದ್ದೆ! ಇನ್ನು ಇವಳು ಈ ಜನ್ಮದಲ್ಲಿ ನೀರು ಮುಟ್ಟುವುದಿಲ್ಲ ಎನಿಸಿತು. ಅಡ್ಡ ನಿಲ್ಲಲು ಹೋದೆ.

"ಸರಿ ಅತ್ತಾಗ. ನನಗೂ ಕಣ್ಣ ಅದಾವ," ಎಂದಳು ಅವ್ವ. ಸ್ವಲ್ಪ ಹೊತ್ತು ಆ ಬಾಯಿಗಳನ್ನೇ ನೋಡಿದಳು. "ಹೊಳ್ಯಾಗ ಮೀನ ಇರೂದು ನನಗ ಗೊತ್ತಿಲ್ಲಂತ ತಿಳದೀ ಏನು? ಇಲ್ಲಿ ತಿನ್ನಾಕ ಬಂದದ್ದೂ ಐತಿ, ತಪ್ಪಿಸ್ಕೊಂಡ ಓಡಾಕ ಜಾಗಾನೂ ಐತಿ. ಯಾವುದು ಉಳೀತೈತಿ, ಯಾವುದು ಹೋಗತೈತಿ, ಅದು ಹೊಳಿ ಲೆಕ್ಕ. ನಿನ್ನ ಡಬ್ಬ್ಯಾಗ ಅವಕ್ಕ ಓಡಾಕ ಮೂಲಿ ಇರಲಿಲ್ಲೋ. ನಾ ನೋಡಿ ನೋಡಿ ಅಲ್ಲಿ ಬಿಟ್ನಿ."

ಆಮೇಲೆ ಕೊಡದಿಂದ ಒಂದು ತಂಬಿಗೆ ತುಂಬಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಕುಡಿದಳು. ಗಂಟಲಿನ ನರ ಏರಿಳಿಯುವುದು ಕಂಡು ಸಲೀಮಭಾಯಿ ಮುಖ ಆ ಕಡೆ ಮಾಡಿದರು. ನನಗೆ ಅಳು ಬಂತು, ಬಂದದ್ದನ್ನು ತಡೆಯಲಿಲ್ಲ.

ಅವ್ವ ಇನ್ನೊಂದು ತಂಬಿಗೆ ತುಂಬಿ ನನ್ನ ಮುಂದೆ ಹಿಡಿದಳು.

"ಕುಡಿ. ನನ್ನ ಸಲುವಾಗಿ ನಿನ್ನಿಯಿಂದ ನೀನೂ ನೀರು ಬಿಟ್ಟೀದಿ. ಮಾರಿ ನೋಡು ಹ್ಯಾಂಗಾಗೈತಿ."

ಸುಮ್ಮನೆ ಇಸಿದುಕೊಂಡು ಕುಡಿದಿದ್ದರೆ ಮುಗಿಯುತ್ತಿತ್ತು. ಅವ್ವ ನಂಬಿದ್ದಳು, ಅದಕ್ಕೆ ನಾನು ಏನನ್ನೂ ಹೇಳಬೇಕಾಗಿಯೂ ಇರಲಿಲ್ಲ.

"ಇಲ್ಲವ್ವಾ," ಎಂದೆ. "ಕುಡದೇನಿ. ಫ್ರಿಜ್ಜಿನ ಬಾಗಲದ ಹಿಂದ ಅಡಗಿ ನಿಂತು, ನಾಕೈದ ಸಲ."

ಸಲೀಮಭಾಯಿ ಹೊಳೆಯನ್ನೇ ನೋಡುತ್ತಿದ್ದರು. ಅವ್ವ ನನ್ನನ್ನು ನೋಡಿದಳು. ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.